ಡ್ರೂಯಿಡರು ದ್ರಾವಿಡರೇ? ಡಬ್ಲಿನ್‌ನ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಶಿವಮೊಗ್ಗ ಕಡೆಯವರು. ಹದಿಮೂರು ವರ್ಷದಿಂದ ಡಬ್ಲಿನ್‌ನಲ್ಲಿ ಇದ್ದೇವೆ. ಮಗನಿಗೆ ಹನ್ನೆರಡು ವರ್ಷ, ಇಲ್ಲೇ ಹುಟ್ಟಿದವನು. ಶಾಲೆಯಲ್ಲಿ ಐರಿಷ್ ಭಾಷೆಯನ್ನೂ ಕಲಿಯುತ್ತಾನೆ. ಈ ಸಲ ಪ್ರಾಚೀನ ಕೆಲ್ಟರ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಬಂದ ವಿಡಿಯೊ ನೋಡಿಕೊಂಡು ಅವನು ತರಗತಿಯಲ್ಲಿ ‘ಡ್ರೂಯಿಡ್ ಅಂದರೆ ದ್ರಾವಿಡ. ನಮ್ಮ ಪೂರ್ವಜರೇ ಇಲ್ಲಿಗೆ ಬಂದು ಪುರೋಹಿತರಾಗಿದ್ದರು. ಸ್ಟೋನ್‌ಹೆಂಜ್ ಕಟ್ಟಿದ್ದೂ ಅವರೇ’ ಎಂದು ಹೇಳಿಬಿಟ್ಟ. ಟೀಚರ್ ಬೈಯಲಿಲ್ಲ, ‘ಎಲ್ಲಿ ಓದಿದೆ, ತಂದು ತೋರಿಸು’ ಎಂದರಂತೆ. ಪಕ್ಕದಲ್ಲಿ ಕೂತ ಹುಡುಗ ‘ಡ್ರೂಯಿಡರು ಮನುಷ್ಯರನ್ನು ಬುಟ್ಟಿಯಲ್ಲಿ ತುಂಬಿ ಸುಡುತ್ತಿದ್ದರು’ ಎಂದನಂತೆ. ಈಗ ಇವನಿಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಭಯ. ‘ಅಮ್ಮ, ನಮ್ಮವರು ಹಾಗೆ ಮಾಡ್ತಿದ್ರಾ?’ ಎಂದು ಕೇಳುತ್ತಾನೆ. ಇದರಲ್ಲಿ ಯಾವುದು ನಿಜ? ಪ್ರಾಜೆಕ್ಟ್‌ಗೆ ಏನನ್ನು ನಂಬಿ ಬರೆಯಲಿ?

ಉತ್ತರ: ಮೊದಲು ನಿಮ್ಮ ಮಗನಿಗೆ ಹೇಳಿ, ನಾಚಿಕೆಪಡುವಂಥದ್ದು ಏನೂ ಆಗಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಪ್ರಾಚೀನ ಯುರೋಪಿನ ಇತಿಹಾಸ ಪಾಠ ಮಾಡುತ್ತಿದ್ದೇನೆ. ಕೆಲ್ಟರ ಪಾಠ ಶುರುವಾದ ವಾರವೇ ಯಾರಾದರೂ ಒಬ್ಬರು ಕೈ ಎತ್ತಿ ಇದನ್ನೇ ಕೇಳುತ್ತಾರೆ. ಎರಡು ಪದ ಕಿವಿಗೆ ಒಂದೇ ಥರ ಕೇಳಿಸಿದರೆ ಮನಸ್ಸು ಆ ಕಡೆ ಓಡುವುದು ಸಹಜ ಅಲ್ವಾ?

ಟೀಚರ್ ಕೇಳಿದ್ದೂ ಸರಿಯಾಗಿಯೇ ಇದೆ. ಕೆಲ್ಟರ ವಿಷಯಕ್ಕೆ ಬಂದರೆ ಆ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಯಾಕೆಂದರೆ ಡ್ರೂಯಿಡರು, ಅಂದರೆ ಕೆಲ್ಟರ ಪುರೋಹಿತರು, ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ಅವರ ಬಗ್ಗೆ ನಮಗೆ ಸಿಗುವ ಮಾತೆಲ್ಲ ಬೇರೆಯವರು ಆಡಿದ್ದು. ಹಾಗಾಗಿ ಏನೇ ಕೇಳಿಸಿಕೊಂಡರೂ ಮೂರು ಕೇಳಬೇಕು: ಹೇಳಿದ್ದು ಯಾರು, ಯಾವ ಕಾಲದಲ್ಲಿ, ಯಾವ ಊರಲ್ಲಿ ನಿಂತು?

ಪದದಿಂದ ಶುರು ಮಾಡೋಣ. ‘ದ್ರಾವಿಡ’ ಎಂಬುದು ‘ತಮಿಳ್’ ಎಂಬ ಹೆಸರೇ ಪ್ರಾಕೃತದಲ್ಲಿ ‘ದಮಿಳ’, ಸಂಸ್ಕೃತದಲ್ಲಿ ‘ದ್ರಮಿಡ’, ‘ದ್ರವಿಡ’ ಎಂದಾಗಿ ಬಂದ ರೂಪ ಎಂದು ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಕನ್ನಡ, ತಮಿಳು, ತುಳು, ತೆಲುಗುಗಳ ಇಡೀ ಕುಟುಂಬಕ್ಕೆ ಆ ಹೆಸರನ್ನು ಗಟ್ಟಿ ಮಾಡಿದ್ದು 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್. ‘ಡ್ರೂಯಿಡ್’ ಪದದ ದಾರಿಯೇ ಬೇರೆ. ಅದರಲ್ಲಿ ಎರಡು ತುಂಡುಗಳಿವೆ, ‘ದ್ರು’ ಮತ್ತು ‘ವಿದ್’. ‘ದ್ರು’ ಎಂದರೆ ಮರ, ಅದರಲ್ಲೂ ಓಕ್ ಮರ. ಗಟ್ಟಿಯಾದದ್ದು ಎಂಬ ಅರ್ಥ ಹೇಳುವವರೂ ಇದ್ದಾರೆ. ‘ವಿದ್’ ಎಂದರೆ ತಿಳಿ. ಓಕ್ ಮರವನ್ನು ಬಲ್ಲವನು, ಇಲ್ಲವೇ ಗಟ್ಟಿಯಾಗಿ ಬಲ್ಲವನು. ಈಗ ನಮ್ಮ ಮನೆಯಲ್ಲೇ ಓಡಾಡುವ ಪದಗಳನ್ನು ನೋಡಿ: ದೇವದಾರು, ಕಲ್ಪದ್ರುಮ, ವಿದ್ಯೆ, ವಿದ್ವಾಂಸ, ವೇದ. ಎಲ್ಲವೂ ಅದೇ ಬೇರಿನ ಚಿಗುರು. ಆದರೆ ಇವೆಲ್ಲ ಕನ್ನಡಕ್ಕೆ ಸಂಸ್ಕೃತದಿಂದ ಬಂದ ಪದಗಳು, ಗಮನಿಸಿ.

ಅಂದರೆ ನಂಟು ಇದೆ. ವಿಡಿಯೊ ತೋರಿಸಿದ ಕಡೆ ಇಲ್ಲ, ಅಷ್ಟೇ. ಕೆಲ್ಟಿಕ್ ಭಾಷೆಗಳೂ ಸಂಸ್ಕೃತವೂ ಇಂಡೋ-ಯುರೋಪಿಯನ್ ಎಂಬ ಒಂದೇ ದೊಡ್ಡ ಕುಟುಂಬದವು. 1786ರಲ್ಲಿ ಕಲ್ಕತ್ತೆಯಲ್ಲಿ ಮಾತಾಡುತ್ತಾ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲ ಇರಬೇಕು ಎಂದರು. ಕೆಲ್ಟಿಕ್ ಕೂಡ ಆ ಸಾಲಿಗೇ ಸೇರಬಹುದು ಎಂದೂ ಸೇರಿಸಿದರು. ಮುಂದಿನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಭಾಷಾಶಾಸ್ತ್ರಜ್ಞರು ಅದನ್ನು ನಿಯಮ ಹಿಡಿದು ಸಾಧಿಸಿದರು.

ಇದನ್ನು ನಿಮ್ಮ ಮಗ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಅವನಿಗೆ ಐರಿಷ್ ಎಣಿಕೆ ಬರುತ್ತದೆ ತಾನೇ? ಏಳರಿಂದ ಹತ್ತರವರೆಗೆ ಹೇಳಲಿ: ಶಾಖ್ತ್, ಓಖ್ತ್, ನೀ, ದೆಹ್. ನೀವು ಪಂಚಾಂಗದ ತಿಥಿ ಹೇಳಿ: ಸಪ್ತಮಿ, ಅಷ್ಟಮಿ, ನವಮಿ, ದಶಮಿ. ಆಮೇಲೆ ಕನ್ನಡದ ಏಳು, ಎಂಟು, ಒಂಬತ್ತು, ಹತ್ತು. ಯಾವುದು ಯಾವುದಕ್ಕೆ ನೆಂಟ ಎಂದು ಅವನೇ ಹೇಳುತ್ತಾನೆ. ಐರಿಷ್‌ನಲ್ಲಿ ರಾಜನಿಗೆ ‘ರೀ’, ಹಸುವಿಗೆ ‘ಬೋ’. ನಮ್ಮ ‘ರಾಜ’, ‘ಗೋ’ ಪದಗಳ ದೂರದ ನೆಂಟರು ಅವು. ಆದರೆ ಭಾಷೆಯ ನಂಟು ಎಂದರೆ ಒಂದೂರಿನ ಜನ ಎದ್ದು ಇನ್ನೊಂದೂರಿಗೆ ಹೋಗಿ ಪುರೋಹಿತರಾದರು ಎಂದಲ್ಲ. ಸಾವಿರಾರು ವರ್ಷ ಹಿಂದೆ ಕವಲೊಡೆದ ಒಂದು ಮೂಲ, ಅಷ್ಟೇ.

ಸ್ಟೋನ್‌ಹೆಂಜ್, ಅಂದರೆ ಇಂಗ್ಲೆಂಡಿನಲ್ಲಿರುವ ಆ ದೊಡ್ಡ ಕಲ್ಲುಗಳ ವೃತ್ತದ ವಿಷಯ ಬೇಗ ಮುಗಿಯುತ್ತದೆ. ಅದರ ಕಂದಕ ತೋಡಿದ್ದು ಕ್ರಿ.ಪೂ. 3000ರ ಸುಮಾರಿಗೆ, ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರೂಯಿಡರ ಬಗ್ಗೆ ನಮಗಿರುವ ಬರಹಗಳು ಅದಕ್ಕಿಂತ ಎರಡು ಸಾವಿರ ವರ್ಷಕ್ಕೂ ಈಚಿನವು. ಆ ಕಲ್ಲುಗಳಿಗೆ ಡ್ರೂಯಿಡರನ್ನು ಗಂಟು ಹಾಕಿದವರು ಹದಿನೇಳನೇ ಶತಮಾನದ ಜಾನ್ ಆಬ್ರಿ, ಆಮೇಲೆ 1740ರಲ್ಲಿ ವಿಲಿಯಂ ಸ್ಟೂಕ್ಲಿ. ನಿಮ್ಮ ಡಬ್ಲಿನ್‌ಗೆ ಹತ್ತಿರದ ನ್ಯೂಗ್ರೇಂಜ್ ಗೋರಿ ಇನ್ನೂ ಹಳೆಯದು, ಕ್ರಿ.ಪೂ. 3200ರ ಸುಮಾರಿನದು. ಅದೂ ಡ್ರೂಯಿಡರದ್ದಲ್ಲ.

ಹಾಗಾದರೆ ಕೆಲ್ಟರು ಯಾರು? ಗ್ರೀಕರು ‘ಕೆಲ್ಟೋಯಿ’ ಎಂದದ್ದು ಆಲ್ಪ್ಸ್ ಪರ್ವತದ ಆಚೆಯ ಜನರನ್ನು. ಇಂದಿನ ಫ್ರಾನ್ಸ್, ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿ, ಆಸ್ಟ್ರಿಯಾ ಸೀಮೆ ಎಂದುಕೊಳ್ಳಿ. ಬ್ರಿಟನ್, ಐರ್ಲೆಂಡ್ ಜನರನ್ನು ಆ ಕಾಲದ ಯಾವ ಲೇಖಕನೂ ಕೆಲ್ಟ್ ಎಂದು ಕರೆದಿಲ್ಲ. ಐರಿಷ್, ವೆಲ್ಷ್, ಬ್ರೆಟನ್ ಭಾಷೆಗಳು ಗಾಲ್ (ಹೆಚ್ಚುಕಡಿಮೆ ಇಂದಿನ ಫ್ರಾನ್ಸ್) ಜನರ ಭಾಷೆಗೆ ನೆಂಟಸ್ತಿಕೆಯವು ಎಂದು 1707ರಲ್ಲಿ ಎಡ್ವರ್ಡ್ ಲೂಯಿಡ್ ತೋರಿಸಿದ ಮೇಲೆಯೇ ಆ ಹೆಸರು ಇವರಿಗೂ ಅಂಟಿಕೊಂಡಿತು. ಒಂದು ರಾಜ್ಯ, ಒಂದು ದೇವರು, ಒಂದು ಜಾತಿ ಇದ್ದ ಜನ ಅವರಲ್ಲ. ನೂರಾರು ಬುಡಕಟ್ಟುಗಳು, ತಮ್ಮತಮ್ಮಲ್ಲೇ ಜಗಳ, ತಮ್ಮತಮ್ಮದೇ ದೇವರು. ಪ್ರಾಜೆಕ್ಟ್‌ನಲ್ಲಿ ‘ಕೆಲ್ಟರು ಹೀಗೆ ಮಾಡುತ್ತಿದ್ದರು’ ಎಂದು ಒಂದೇ ಸಾಲಿನಲ್ಲಿ ಬರೆಯುವ ಬದಲು ‘ಗಾಲ್‌ನಲ್ಲಿ’, ‘ಐರ್ಲೆಂಡಿನಲ್ಲಿ’ ಎಂದು ಊರು ಹೇಳಿ ಬರೆಯಲಿ. ಅರ್ಧ ತಪ್ಪು ಅಲ್ಲೇ ಕಡಿಮೆಯಾಗುತ್ತದೆ.

ಡ್ರೂಯಿಡರ ಬಗ್ಗೆ ಜಾಸ್ತಿ ವಿವರ ಕೊಟ್ಟವನು ಜೂಲಿಯಸ್ ಸೀಸರ್. ಕ್ರಿ.ಪೂ. 58ರಿಂದ ಎಂಟು ವರ್ಷ ಗಾಲ್ ದೇಶದ ಮೇಲೆ ಯುದ್ಧ ಮಾಡಿ, ಅದರ ವರದಿಯನ್ನು ತಾನೇ ಬರೆದವನು. ಗಾಲ್‌ನಲ್ಲಿ ಲೆಕ್ಕಕ್ಕೆ ಬರುವವರು ಎರಡೇ ವರ್ಗ ಎನ್ನುತ್ತಾನೆ: ಡ್ರೂಯಿಡರು ಮತ್ತು ಕುದುರೆ ಏರುವ ಯೋಧರು. ಉಳಿದ ಜನರ ಪಾಡು ಹೆಚ್ಚುಕಡಿಮೆ ಆಳುಗಳದ್ದೇ. ಡ್ರೂಯಿಡರಿಗೆ ಯುದ್ಧವಿಲ್ಲ, ತೆರಿಗೆಯಿಲ್ಲ. ಕೊಲೆ, ಆಸ್ತಿ ಪಾಲು, ಗಡಿ ಜಗಳ ಎಲ್ಲದಕ್ಕೂ ಅವರೇ ನ್ಯಾಯ ಹೇಳುವವರು. ಹೇಳಿದ ನ್ಯಾಯ ಒಪ್ಪದವನಿಗೆ ಯಜ್ಞಬಲಿಯ ಜಾಗಕ್ಕೆ ಪ್ರವೇಶವಿಲ್ಲ. ಅವನ ಹತ್ತಿರ ಯಾರೂ ಮಾತಾಡುವಂತಿಲ್ಲ, ಸುಳಿಯುವಂತಿಲ್ಲ. ನಮ್ಮಲ್ಲಿ ಬಹಿಷ್ಕಾರ ಎನ್ನುತ್ತೇವಲ್ಲ, ಅದೇ. ಕೆಲವರು ಇಪ್ಪತ್ತು ವರ್ಷ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಲೆಕ್ಕಪತ್ರಕ್ಕೆ ಗ್ರೀಕ್ ಅಕ್ಷರ ಬಳಸುತ್ತಿದ್ದರೂ ಈ ವಿದ್ಯೆಯನ್ನು ಮಾತ್ರ ಬರೆಯುತ್ತಿರಲಿಲ್ಲ. ಸತ್ತ ಮೇಲೆ ಆತ್ಮ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಕಲಿಸುತ್ತಿದ್ದರು.

ಇದನ್ನು ಓದಿದ ಕೂಡಲೇ ನಮ್ಮವರಿಗೆ ವೇದಪಾಠಶಾಲೆ ನೆನಪಾಗುತ್ತದೆ. ನನಗೂ ಆಗಿತ್ತು. ಹೋಲಿಕೆ ನಿಜವೇ. ಆದರೆ ಅದೇ ಸೀಸರ್ ಇನ್ನೊಂದು ಮಾತೂ ಹೇಳುತ್ತಾನೆ: ಹುಡುಗರು ಎಷ್ಟೋ ಜನ ತಾವಾಗಿ ಬರುತ್ತಿದ್ದರು, ಎಷ್ಟೋ ಜನರನ್ನು ಅಪ್ಪ ಅಮ್ಮ, ಬಂಧುಗಳು ಕಳಿಸುತ್ತಿದ್ದರು. ಅಂದರೆ ಹುಟ್ಟಿನಿಂದ ಬರುವ ಜಾತಿಯಲ್ಲ ಅದು. ನಮಗೆ ಹೆಸರು ಹಿಡಿದು ಗೊತ್ತಿರುವ ಡ್ರೂಯಿಡ್ ಎಂದರೆ ಡಿವಿಟಿಯಾಕಸ್. ಈದುಯಿ ಬುಡಕಟ್ಟಿನ ನಾಯಕ, ರಾಜಕಾರಣಿ. ಸಹಾಯ ಕೇಳಲು ರೋಮ್‌ವರೆಗೆ ಹೋದವನು. ಅವನ ಪರಿಚಯವಿದ್ದ ರೋಮನ್ ಲೇಖಕ ಸಿಸೆರೊ ಅವನನ್ನು ಡ್ರೂಯಿಡ್ ಎಂದೇ ಕರೆಯುತ್ತಾನೆ. ಯುದ್ಧದ ಕಾಲದಲ್ಲಿ ಅವನ ಸ್ನೇಹಿತನಾಗಿದ್ದ ಸೀಸರ್ ಒಂದು ಕಡೆಯೂ ಹಾಗೆ ಹೇಳುವುದಿಲ್ಲ. ಪಾಠ ಮಾಡುವಾಗಲೆಲ್ಲ ನಾನು ಇಲ್ಲಿ ನಿಂತು ಮಕ್ಕಳಿಗೆ ಇದನ್ನು ತೋರಿಸುತ್ತೇನೆ. ನೋಡಿದವನೇ ಬರೆದರೂ ಅವನು ಬಿಟ್ಟದ್ದು ಎಷ್ಟೋ ಇರುತ್ತದೆ.

ಈಗ ಮಗನಿಗೆ ಹೆದರಿಕೆ ತಂದ ವಿಷಯ. ಕಡ್ಡಿಗಳಿಂದ ಹೆಣೆದ ದೊಡ್ಡ ಮನುಷ್ಯಾಕಾರದೊಳಗೆ ಜೀವಂತ ಜನರನ್ನು ತುಂಬಿ ಬೆಂಕಿ ಹಚ್ಚುತ್ತಿದ್ದರು ಎಂದು ಬರೆದವನೂ ಸೀಸರನೇ. ಗ್ರೀಕ್ ಲೇಖಕ ಸ್ಟ್ರಾಬೊ ಕೂಡ ಅಂಥದ್ದೇ ಬರೆದಿದ್ದಾನೆ. ಇಬ್ಬರೂ ಹಳೆಯ ಪ್ರವಾಸಿ ಪೊಸಿಡೋನಿಯಸ್‌ನ ಬರಹದಿಂದ ಎತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಒಂದು ದೇಶವನ್ನು ಗೆಲ್ಲಲು ಹೊರಟವನಿಗೆ ‘ಅಲ್ಲಿಯವರು ಕ್ರೂರಿಗಳು’ ಎನ್ನುವುದರಿಂದ ಲಾಭವಿತ್ತು. ರೋಮನ್ನರ ಕೈಯೂ ಚೊಕ್ಕವಾಗಿರಲಿಲ್ಲ. ಕ್ರಿ.ಪೂ. 216ರಲ್ಲಿ ಕ್ಯಾನಿ ಯುದ್ಧದಲ್ಲಿ ಸೋತು ಕಂಗಾಲಾದಾಗ ಅವರು ಗಾಲ್ ಗಂಡು-ಹೆಣ್ಣು, ಗ್ರೀಕ್ ಗಂಡು-ಹೆಣ್ಣು, ಒಟ್ಟು ನಾಲ್ವರನ್ನು ರೋಮ್‌ನ ದನದ ಸಂತೆ ಜಾಗದಲ್ಲಿ ಜೀವಂತ ಹೂತರು. ಇದನ್ನು ದಾಖಲಿಸಿದವನು ಅವರದೇ ಇತಿಹಾಸಕಾರ ಲಿವಿ. ನರಬಲಿ ಬೇಡ ಎಂದು ರೋಮ್‌ನ ಸೆನೆಟ್ ಕಾಯ್ದೆ ಮಾಡಿದ್ದು ಕ್ರಿ.ಪೂ. 97ರಲ್ಲಿ.

ಹಾಗೆಂದು ‘ಎಲ್ಲ ಸುಳ್ಳು, ಶತ್ರುಗಳ ಅಪಪ್ರಚಾರ’ ಎಂದು ಹೇಳಿ ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ನೆಲ ಬೇರೆಯದನ್ನು ಹೇಳುತ್ತದೆ. ಉತ್ತರ ಫ್ರಾನ್ಸಿನ ರಿಬೆಮಾಂಟ್‌ನಲ್ಲಿ ತಲೆಯಿಲ್ಲದ ಯೋಧರ ದೇಹಗಳು ರಾಶಿರಾಶಿ ಸಿಕ್ಕಿವೆ. ಇಂಗ್ಲೆಂಡಿನ ಲಿಂಡೋ ಎಂಬಲ್ಲಿ 1984ರಲ್ಲಿ ಜೌಗುಮಣ್ಣಿನಿಂದ ಎದ್ದ ಒಬ್ಬ ಯುವಕನ ತಲೆಗೆ ಹೊಡೆದಿದ್ದರು, ಕೊರಳಿಗೆ ಹುರಿ ಬಿಗಿದಿದ್ದರು, ಕುತ್ತಿಗೆಯಲ್ಲಿ ಸೀಳಿದ ಗಾಯವೂ ಇತ್ತು. ಐರ್ಲೆಂಡಿನಲ್ಲಿ 2003ರಲ್ಲಿ ಸಿಕ್ಕವನಿಗೆ ಓಲ್ಡ್ ಕ್ರೋಘನ್ ಮನುಷ್ಯ ಎಂದು ಹೆಸರು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ದೇಹ. ಉಳಿದಿರುವುದು ಮುಂಡ ಮತ್ತು ಎರಡು ತೋಳು ಮಾತ್ರ. ಉಗುರು ನೀಟಾಗಿವೆ, ಕೈಯಲ್ಲಿ ದುಡಿದ ಗುರುತಿಲ್ಲ. ತೋಳುಗಳಲ್ಲಿ ತೂತು ಕೊರೆದು ಹೇಜಲ್ ಮರದ ಎಳೆಕಡ್ಡಿ ಪೋಣಿಸಿದ್ದಾರೆ. ಹೊಟ್ಟೆಯಲ್ಲಿದ್ದ ಕೊನೆಯ ಊಟ ಧಾನ್ಯ ಮತ್ತು ಮಜ್ಜಿಗೆ. ಮಜ್ಜಿಗೆ ಎಂಬ ಆ ಒಂದು ಪದ ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ.

ಇಂಥ ದೇಹಗಳು ಹಳೆಯ ರಾಜ್ಯಗಳ ಗಡಿಯಲ್ಲೇ ಸಿಗುತ್ತವೆ, ಆದ್ದರಿಂದ ಇವರು ಬಲಿಯಾದ ರಾಜರು ಎಂಬುದು ಅಲ್ಲಿನ ಪುರಾತತ್ವಜ್ಞರ ಒಂದು ವಾದ. ಶಿಕ್ಷೆಗೆ ಗುರಿಯಾದವರು ಎನ್ನುವವರೂ ಇದ್ದಾರೆ. ಹಾಗಾಗಿ ಮಗನಿಗೆ ನೀವು ಹೇಳಬಹುದಾದ ಮಾತು ಇಷ್ಟು: ಹೆಣೆದ ಬುಟ್ಟಿಯ ಕತೆಗೆ ನೆಲದಲ್ಲಿ ಸಾಕ್ಷಿ ಸಿಕ್ಕಿಲ್ಲ. ಆದರೆ ಬಲಿಯಂತೆ ಕಾಣುವ ಸಾವುಗಳು ಇವೆ. ಅವನ್ನು ಮಾಡಿದವರು ಅವನ ಪೂರ್ವಜರಲ್ಲ, ಅವನು ಆ ಭಾರ ಹೊರಬೇಕಾಗಿಲ್ಲ.

ಬಲಿಯ ಗಲಾಟೆಯಲ್ಲಿ ಮರೆತುಹೋಗುವ ಇನ್ನೊಂದು ಕ್ರೌರ್ಯವಿದೆ, ಅದು ಗುಲಾಮಗಿರಿ. ವೇಲ್ಸ್‌ನ ಆಂಗಲ್ಸಿ ದ್ವೀಪ ಡ್ರೂಯಿಡರ ನೆಲೆ. ಕ್ರಿ.ಶ. 60ರ ಸುಮಾರಿಗೆ ರೋಮನ್ ಸೇನೆ ಅಲ್ಲಿನ ಪವಿತ್ರ ತೋಪುಗಳನ್ನು ಕಡಿದು ಹಾಕಿತು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನ ನಿಲ್ದಾಣ ಕಟ್ಟುವಾಗ ಜೌಗಿನಿಂದ ಒಂದು ಕಬ್ಬಿಣದ ಸರಪಳಿ ಬಂತು. ಕೆಲಸಗಾರರು ಅದು ಏನೆಂದು ತಿಳಿಯದೆ ಕೆಸರಿನಲ್ಲಿ ಹೂತ ಗಾಡಿ ಎಳೆಯಲು ಬಳಸಿದರು. ಸರಪಳಿ ತುಂಡಾಗಲಿಲ್ಲ. ಆಮೇಲೆ ಗೊತ್ತಾಯಿತು, ಅದು ಎರಡು ಸಾವಿರ ವರ್ಷ ಹಳೆಯದು, ಐದು ಜನರ ಕೊರಳಿಗೆ ಒಟ್ಟಿಗೆ ಹಾಕುವ ಗುಲಾಮರ ಸರಪಳಿ. ಗಾಲ್‌ನಲ್ಲಿ ಒಂದು ಜಾಡಿ ದ್ರಾಕ್ಷಾರಸಕ್ಕೆ ಒಬ್ಬ ಆಳನ್ನು ಕೊಡುತ್ತಿದ್ದರು ಎಂದು ಗ್ರೀಕ್ ಲೇಖಕ ಡಯೊಡೋರಸ್ ಬರೆದದ್ದನ್ನು ಇದರ ಪಕ್ಕದಲ್ಲಿಟ್ಟು ಓದಿ.

ಮಗನಿಗೆ ತೋರಿಸಲೇಬೇಕಾದ್ದು ಅವರ ದಿನನಿತ್ಯದ ಭಕ್ತಿ. ಫ್ರಾನ್ಸಿನ ಸೆನ್ ನದಿ ಹುಟ್ಟುವ ಜಾಗದಲ್ಲಿ ಸೆಕ್ವಾನಾ ಎಂಬ ದೇವಿ ಇದ್ದಳು. 1963ರಿಂದ ಅಲ್ಲಿ ಅಗೆದಾಗ ನೂರಾರು ಮರದ ಕೆತ್ತನೆಗಳು ಸಿಕ್ಕವು. ಕಾಲು, ಕೈ, ಕಣ್ಣು, ತಲೆ, ಟೋಪಿ ಹಾಕಿದ ಯಾತ್ರಿಕರು. ಮೈಗೆ ಹುಷಾರಿಲ್ಲದವರು ನೋವಿದ್ದ ಅಂಗವನ್ನೇ ಕೆತ್ತಿಸಿ ತಂದು ಒಪ್ಪಿಸುತ್ತಿದ್ದರು. ನಾವು ಹರಕೆಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಹಾಗೆ. ಇವು ರೋಮನ್ ಆಳ್ವಿಕೆ ಬಂದ ಮೇಲಿನವು, ದೇವಿ ಮಾತ್ರ ಅಲ್ಲಿಯವಳೇ. ಡ್ರೂಯಿಡರು ಬಿಳಿ ಬಟ್ಟೆ ತೊಟ್ಟು ಓಕ್ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಮಿಸಲ್‌ಟೋ ಕೊಯ್ಯುತ್ತಿದ್ದರು ಎಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ನಮ್ಮ ಮಾವಿನ ಮರಕ್ಕೆ ಹತ್ತುವ ಬಂದಳಿಕೆಯಂಥ ಗಿಡ ಅದು. ಕೊಯ್ಯುತ್ತಿದ್ದದ್ದು ಚಂದ್ರನ ಆರನೇ ದಿನ, ನಮ್ಮ ಲೆಕ್ಕದಲ್ಲಿ ಷಷ್ಠಿ.

ದಿನದ ಮಾತು ಬಂತಲ್ಲ, ನನಗೆ ಎಲ್ಲಕ್ಕಿಂತ ಪ್ರಿಯವಾದ ವಸ್ತುವಿನ ಬಗ್ಗೆ ಹೇಳುತ್ತೇನೆ. 1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಎಂಬ ಊರಲ್ಲಿ ಒಂದು ಕಂಚಿನ ಫಲಕ ಚೂರುಚೂರಾಗಿ ಸಿಕ್ಕಿತು. ಜೋಡಿಸಿ ನೋಡಿದರೆ ಅದು ಐದು ವರ್ಷದ ಪಂಚಾಂಗ! ಕ್ರಿ.ಶ. ಎರಡನೇ ಶತಮಾನದ್ದು. ಅಕ್ಷರ ರೋಮನ್ನರದು, ಭಾಷೆ ಗಾಲ್ ಜನರದು. ಐದು ವರ್ಷಕ್ಕೆ ಅರವತ್ತು ತಿಂಗಳು ಸಾಕಲ್ಲ? ಇದರಲ್ಲಿ ಅರವತ್ತೆರಡಿವೆ. ಎರಡೂವರೆ ವರ್ಷಕ್ಕೊಂದು ತಿಂಗಳು ಹೆಚ್ಚಿಗೆ, ಥೇಟ್ ನಮ್ಮ ಅಧಿಕ ಮಾಸ. ಪ್ರತಿ ತಿಂಗಳೂ ಎರಡು ಭಾಗ. ಮೊದಲ ಹದಿನೈದು ದಿನ ಮುಗಿದ ಮೇಲೆ ಮತ್ತೆ ಒಂದರಿಂದ ಎಣಿಕೆ, ನಮ್ಮ ಪಕ್ಷಗಳ ಹಾಗೆ. ಮೂವತ್ತು ದಿನದ ತಿಂಗಳಿಗೆ ‘ಮಾತ್’ ಎಂಬ ಗುರುತು, ಅಂದರೆ ಒಳ್ಳೆಯದು. ಇಪ್ಪತ್ತೊಂಬತ್ತು ದಿನದ್ದಕ್ಕೆ ‘ಅನ್ಮಾತ್’, ಒಳ್ಳೆಯದಲ್ಲ. ಪ್ರತಿ ದಿನದ ಪಕ್ಕದಲ್ಲೂ ಒಂದು ಸಣ್ಣ ತೂತು. ಇವತ್ತು ಯಾವ ದಿನ ಎಂದು ತಿಳಿಯಲು ದಿನವೂ ಕಡ್ಡಿ ಕಿತ್ತು ಮುಂದಿನ ತೂತಿಗೆ ಸಿಕ್ಕಿಸುತ್ತಿದ್ದಿರಬೇಕು. ಸೀಸರ್ ಬಂದು ಹೋಗಿ ಇನ್ನೂರು ವರ್ಷದ ಮೇಲೂ ಯಾರೋ ಆ ಲೆಕ್ಕವನ್ನು ಬಿಡದೆ ಕಾಪಾಡಿಕೊಂಡಿದ್ದರು.

ಇದನ್ನು ನೋಡಿ ‘ಪಂಚಾಂಗ ಇಲ್ಲಿಂದಲೇ ಹೋಯಿತು’ ಎನ್ನಬೇಡಿ. ಚಂದ್ರನನ್ನು ಹಿಡಿದು ತಿಂಗಳು ಎಣಿಸಿ, ಸೂರ್ಯನನ್ನು ಹಿಡಿದು ಬೆಳೆ ತೆಗೆಯುವ ಯಾರಿಗೇ ಆದರೂ ವರ್ಷಕ್ಕೆ ಹನ್ನೊಂದು ದಿನ ಕೊರೆ ಬೀಳುತ್ತದೆ. ತುಂಬಿಸಲು ಅಧಿಕ ಮಾಸ ಬೇಕೇ ಬೇಕು. ಬಾಬಿಲೋನಿನವರೂ ಹಾಗೇ ಮಾಡಿದರು. ವಿಡಿಯೊಗಳಲ್ಲಿ ಬರುವ ಇನ್ನೊಂದು ಚಿತ್ರವೂ ಹೀಗೆಯೇ. ಡೆನ್ಮಾರ್ಕಿನ ಗುಂಡೆಸ್ಟ್ರುಪ್‌ನಲ್ಲಿ 1891ರಲ್ಲಿ ಸಿಕ್ಕ ಬೆಳ್ಳಿ ಕೊಪ್ಪರಿಗೆಯ ಮೇಲೆ ಜಿಂಕೆ ಕೊಂಬಿನ ದೇವರು ಕಾಲು ಮಡಚಿ ಕೂತಿದ್ದಾನೆ, ಸುತ್ತ ಪ್ರಾಣಿಗಳು. ಮೊಹೆಂಜೊದಾರೊದ ‘ಪಶುಪತಿ’ ಮುದ್ರೆಯ ಪಕ್ಕದಲ್ಲಿಟ್ಟರೆ ಮೈ ಜುಂ ಎನ್ನುತ್ತದೆ. ಆದರೆ ಎರಡರ ನಡುವೆ ಸುಮಾರು ಎರಡು ಸಾವಿರ ವರ್ಷ, ಸಾವಿರಾರು ಮೈಲಿ. ಎರಡನ್ನೂ ಜೋಡಿಸುವ ಕೊಂಡಿ ಯಾರ ಕೈಗೂ ಸಿಕ್ಕಿಲ್ಲ.

ಪ್ರಾಜೆಕ್ಟ್‌ಗೆ ಮುಂದಿರುವ ದಾರಿಗಳು ಮೂರು. ರೋಮನ್, ಗ್ರೀಕ್ ಬರಹ ನಂಬಿ ಬರೆಯಬಹುದು. ವಿವರ ಜಾಸ್ತಿ ಸಿಗುತ್ತದೆ, ಆದರೆ ಗೆದ್ದವನ ಕಣ್ಣಲ್ಲಿ ನೋಡಿದ ಹಾಗಾಗುತ್ತದೆ. ಐರ್ಲೆಂಡಿನ ಹಳೆಯ ಕತೆ, ಕಾನೂನುಗಳನ್ನು ಹಿಡಿಯಬಹುದು. ತುಂಬಾ ಸೊಗಸಾದ ದಾರಿ ಇದು. ಅಲ್ಲಿ ಒಬ್ಬನ ಮಾನಕ್ಕೆ ಕಟ್ಟುವ ಬೆಲೆಗೆ ‘ಮುಖದ ಬೆಲೆ’ ಎಂದೇ ಹೆಸರು. ದೊಡ್ಡ ಮನುಷ್ಯ ಅನ್ಯಾಯ ಮಾಡಿದರೆ ಅವನ ಮನೆ ಬಾಗಿಲಲ್ಲಿ ಉಪವಾಸ ಕೂರುವುದು ಕಾನೂನಿನಲ್ಲೇ ಇತ್ತು, ನಾವು ಧರಣಿ ಕೂರುವ ಹಾಗೆ. ಆದರೆ ಈ ಕಾನೂನುಗಳು ಕ್ರಿ.ಶ. ಏಳು-ಎಂಟನೇ ಶತಮಾನದಲ್ಲಿ, ಕ್ರೈಸ್ತ ಧರ್ಮ ಬಂದ ಮೇಲೆ ಬರೆದವು. ಸೀಸರನ ಗಾಲ್‌ಗೆ ಇವನ್ನು ಅಂಟಿಸಿದರೆ ಏಳೆಂಟು ನೂರು ವರ್ಷ, ಒಂದು ಸಮುದ್ರ ದಾಟಿದ ಹಾಗೆ. ಮೂರನೆಯದು ವಸ್ತುಗಳು. ಅವು ಸುಳ್ಳು ಹೇಳುವುದಿಲ್ಲ, ಆದರೆ ತಾವಾಗಿ ಮಾತೂ ಆಡುವುದಿಲ್ಲ. ನಮಗೆ ಬೇಕಾದ ಕತೆಯನ್ನು ಅವುಗಳ ಬಾಯಲ್ಲಿ ಹೇಳಿಸುವ ಅಪಾಯ ಇದೆ.

ಹೆಂಗಸರ ಸ್ಥಾನದ ಬಗ್ಗೆಯೂ ಮೂರೂ ದಾರಿ ಬೇರೆ ಬೇರೆ ಉತ್ತರ ಕೊಡುತ್ತವೆ. ಹೆಂಡತಿಯ ಪ್ರಾಣವೇ ಗಂಡನ ಕೈಯಲ್ಲಿತ್ತು ಎನ್ನುತ್ತಾನೆ ಸೀಸರ್. ಆದರೆ ಫ್ರಾನ್ಸಿನ ವಿಕ್ಸ್‌ನಲ್ಲಿ ಕ್ರಿ.ಪೂ. 500ರ ಸುಮಾರಿನ ಒಬ್ಬ ಹೆಂಗಸಿನ ಸಮಾಧಿಯಲ್ಲಿ 208 ಕಿಲೋ ತೂಕದ ಕಂಚಿನ ಪಾತ್ರೆ, ಕೊರಳಿಗೆ ಚಿನ್ನ. ಇಂಗ್ಲೆಂಡಿನ ಡಾರ್ಸೆಟ್‌ನ ಒಂದು ಸ್ಮಶಾನದ ಡಿಎನ್‌ಎಯನ್ನು ನಿಮ್ಮ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರೇ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದರು. ಅಲ್ಲಿ ಹೂತವರಲ್ಲಿ ಹೆಚ್ಚಿನವರು ತಾಯಿಯ ಕಡೆಯಿಂದ ಒಬ್ಬಳೇ ಮೂಲ ಹೆಂಗಸಿನ ವಂಶದವರು. ಗಂಡಂದಿರು ಹೊರಗಿನಿಂದ ಬಂದು ಸೇರಿದವರು. ಅಂದರೆ ಮನೆಅಳಿಯಂದಿರು. ಇದನ್ನೇ ಹಿಡಿದು ‘ಹೆಂಗಸರೇ ಆಳುತ್ತಿದ್ದರು’ ಎನ್ನಲಾಗದು. ಅಳಿಯಕಟ್ಟು ಇದ್ದ ತುಳುನಾಡಿನಲ್ಲೂ ಮನೆಯ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತಲ್ಲ.

ನನ್ನ ಸಲಹೆ ಕೇಳಿದರೆ, ಒಂದೇ ವಸ್ತು ಹಿಡಿದು ಬರೆಯಲಿ, ಪಕ್ಕದಲ್ಲಿ ಬರಹಗಳನ್ನು ಸಾಕ್ಷಿಗೆ ಕರೆಯಲಿ. ಡಬ್ಲಿನ್‌ನ ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಓಲ್ಡ್ ಕ್ರೋಘನ್ ಮನುಷ್ಯ ಇದ್ದಾನೆ, ಪ್ರವೇಶ ಉಚಿತ. ದೇಹಗಳನ್ನು ಬೇರೆ ಬೇರೆ ಸಣ್ಣ ಗೋಡೆಗಳ ಮರೆಯಲ್ಲಿ ಇಟ್ಟಿದ್ದಾರೆ, ಬೇಡ ಎಂದರೆ ಒಳಗೆ ಹೋಗದೆ ಮುಂದೆ ನಡೆಯಬಹುದು. ಆದರೂ ಈಗಾಗಲೇ ಹೆದರಿರುವ ಹುಡುಗ ಅವನು. ನೀವು ಮೊದಲು ಒಬ್ಬರೇ ಹೋಗಿ ನೋಡಿ ಬನ್ನಿ, ಆಮೇಲೆ ನಿರ್ಧಾರ ಮಾಡಿ. ಬೇಡ ಅನ್ನಿಸಿದರೆ ಕೊಲಿನ್ಯಿ ಪಂಚಾಂಗ ಸಾಕು. ಅದರ ಒಂದು ತಿಂಗಳನ್ನು ರಟ್ಟಿನ ಮೇಲೆ ಬರೆದು, ತೂತು ಮಾಡಿ, ಕಡ್ಡಿ ಸಿಕ್ಕಿಸಲಿ. ಪಕ್ಕದಲ್ಲಿ ನಿಮ್ಮ ಮನೆ ಗೋಡೆಯ ಪಂಚಾಂಗದ ಹಾಳೆ ಅಂಟಿಸಲಿ.

ಟೀಚರ್ ಮುಂದೆ ‘ಡ್ರೂಯಿಡ್ ದ್ರಾವಿಡ ಅಲ್ಲ, ನಾನು ಹೇಳಿದ್ದು ತಪ್ಪಿತ್ತು’ ಎಂದು ಶುರು ಮಾಡಿ, ಶಾಖ್ತ್-ಸಪ್ತಮಿ, ಓಖ್ತ್-ಅಷ್ಟಮಿ ಎಂದು ಎಣಿಸಿ ತೋರಿಸಲಿ. ಆಮೇಲೆ ಏಳು, ಎಂಟು ಎಂದು ಕನ್ನಡದಲ್ಲೂ ಎಣಿಸಲಿ. ಅದು ಇನ್ನೊಂದು ಕುಟುಂಬದ್ದು ಎಂದು ಅವನೇ ಅವರಿಗೆ ಹೇಳಲಿ.